ಹೆಸರು ಲಕ್ಷ್ಮಿಯದು, ಕಸುಬು ಸರಸ್ವತಿಯದು

ದಿಲ್ಲಿಯಲ್ಲಿ ನಾವು ಸಂಸಾರ ಹೂಡಿ ಮೂವತ್ತು ವರ್ಷಗಳ ಮೇಲಾಯಿತು. ಆದರೂ ಯಮುನೆಯ ಆಚೆ ದಡಕ್ಕೆ ಹೋದದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಸಂಘದ ಕಾರ್ಯಕ್ರಮಕ್ಕೆ ಆರ್. ಕೆ. ಪುರಂ, ಮಕ್ಕಳು ಚಿಕ್ಕವರಿದ್ದಾಗ ಲೋಧಿ ಎಸ್ಟೇಟಿನ ಕನ್ನಡ ಶಾಲೆ, ಕೊತ್ತಂಬರಿ ಸೊಪ್ಪಿಗೆ ಮನೆಯ ಮಗ್ಗುಲಿನ ಮಂಡಿ, ಇಷ್ಟರೊಳಗೆ ನಮ್ಮ ರಾಜಧಾನಿ ಮುಗಿದುಹೋಗುತ್ತಿತ್ತು. ಹೊಳೆಯಾಚೆ ಇರುವವರನ್ನು ಕಂಡರೆ "ಪಾಪ, ಅಷ್ಟು ದೂರವೇ!" ಎನ್ನುತ್ತಿದ್ದೆವು. ಅವರೂ ನಮ್ಮನ್ನು ಕಂಡು ಹಾಗೆಯೇ ಅನ್ನುತ್ತಿದ್ದಾರೆಂಬುದು ನಮಗೆ ಹೊಳೆದಿರಲಿಲ್ಲ. ಅಂಥ ನಾವು ಕಳೆದ ಜನವರಿಯಲ್ಲಿ, ಮಂಜು ಮುಸುಕಿದ ಒಂದು ಭಾನುವಾರ, ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಂಡು ಲಕ್ಷ್ಮೀ ನಗರಕ್ಕೆ ಹೊರಟೆವು.

ಕಾರಣ ನಮ್ಮ ಅಕ್ಕನ ಮಗ. ಹಿಂದಿನ ಭಾನುವಾರ ಅವನು ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಬಿಸಿಬೇಳೆಭಾತು ಮಾಡಿದ್ದೆವು. ಎರಡು ತುತ್ತು ತಿಂದು "ಸಾಕು ಚಿಕ್ಕಮ್ಮ" ಎಂದು ಎದ್ದುಬಿಟ್ಟ. ಬಿಸಿಬೇಳೆಭಾತನ್ನು ಎರಡು ತುತ್ತಿಗೆ ಬಿಡುವ ಹುಡುಗನಲ್ಲ ಅವನು. ಜ್ವರವೇ, ಜಗಳವೇ, ಯಾವುದಾದರೂ ಹುಡುಗಿಯ ವಿಷಯವೇ ಎಂದು ನಾವು ಬಗೆಬಗೆಯಾಗಿ ಕೇಳಿದೆವು. ಕೊನೆಗೆ ಹೇಳಿದ: "ನಾನು ಬರೆದ ಒಂದು ಕಾಗದದಿಂದ ಒಬ್ಬ ಮುದುಕರ ಕೆಲಸ ಹೋಗುತ್ತಾ ಇದೆ, ಚಿಕ್ಕಮ್ಮ."

ಈ ಹುಡುಗನ ಕಥೆಯನ್ನು ಕೊಂಚ ಹಿಂದಿನಿಂದ ಹೇಳಬೇಕು. ಮಾಗಡಿ ಕಡೆಯ ಹಳ್ಳಿಯವನು. ಹತ್ತನೆಯ ತರಗತಿ ಮುಗಿಯುತ್ತಲೇ ಬಿಡದಿಯ ಟೊಯೋಟಾ ತರಬೇತಿ ಶಾಲೆಗೆ ಆಯ್ಕೆಯಾದ. ನಮ್ಮ ಕಾಲಕ್ಕೆ ಬಿಡದಿಯೆಂದರೆ ತಟ್ಟೆ ಇಡ್ಲಿ. ಮೈಸೂರಿನ ಬಸ್ಸು ಅಲ್ಲಿ ನಿಂತಾಗ ಇಳಿದು ತಿಂದು ಹತ್ತುತ್ತಿದ್ದೆವು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಹುಟ್ಟಿ, 1999ರ ಕೊನೆಗೆ ಅಲ್ಲಿಂದ ಕ್ವಾಲಿಸ್ ಮೋಟಾರುಗಳು ಹೊರಬೀಳತೊಡಗಿದ ಮೇಲೆ ಊರಿನ ಹೆಸರಿಗೆ ಬೇರೊಂದು ತೂಕ ಬಂತು. ಶಾಲೆ ಆರಂಭವಾದದ್ದು 2007ರಲ್ಲಿ. ಹಳ್ಳಿಗಾಡಿನ ಬಡ ಮನೆಯ ಮಕ್ಕಳನ್ನು ಆರಿಸಿ, ಮೂರು ವರ್ಷ ಅಲ್ಲಿಯೇ ಇಟ್ಟುಕೊಂಡು ಕೈಕಸುಬು ಕಲಿಸುವ ಶಾಲೆ ಅದು.

ಮೊದಲ ರಜೆಗೆ ಮನೆಗೆ ಬಂದವನು ಅಕ್ಕನ ಅಡಿಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಬೈಸಿಕೊಂಡನಂತೆ. "ಕತ್ತಲಲ್ಲಿ ಕೈಹಾಕಿದರೂ ಉಪ್ಪಿನ ಜಾಡಿ ನನಗೆ ಸಿಕ್ಕುತ್ತೆ, ನಿನ್ನ ಚೀಟಿ ಯಾರಿಗೋ?" ಎಂದಳಂತೆ ಅಕ್ಕ. ಅಕ್ಕನಿಗೆ ಗೊತ್ತಿರಲಿಲ್ಲ, ಜಪಾನಿನವರು ಕಲಿಸುವುದೂ ಅದನ್ನೇ ಎಂದು. ಬೇಡದ್ದನ್ನು ತೆಗೆದುಹಾಕು, ಉಳಿದುದಕ್ಕೆ ಜಾಗ ಗೊತ್ತುಮಾಡು, ಗುಡಿಸಿ ಒರೆಸು, ಇದನ್ನೇ ಪದ್ಧತಿ ಮಾಡಿಕೊ, ಪದ್ಧತಿ ತಪ್ಪಬೇಡ. ಜಪಾನಿ ಭಾಷೆಯಲ್ಲಿ ಈ ಐದೂ 'ಸ' ಅಥವಾ 'ಶ'ಕಾರದಿಂದ ಮೊದಲಾಗುತ್ತವಾದ್ದರಿಂದ ಇಂಗ್ಲಿಷಿನವರು ಅದನ್ನು 'ಫೈವ್ ಎಸ್' ಎಂದು ಕರೆದರು. ನಮ್ಮ ಅಜ್ಜಿಯರು ಅದಕ್ಕೆ ಹೆಸರಿಡದೆಯೇ ನಡೆಸಿದರು.

ಈಗ ಅವನು ನೋಯ್ಡಾದ ಒಂದು ಬಿಡಿಭಾಗಗಳ ಕಾರಖಾನೆಯಲ್ಲಿ ಸೂಪರ್‌ವೈಸರ್. ಕೈಗೆ ಬಂದ ವಿದ್ಯೆ ಕಾಗದದ ಮೇಲೂ ಬಾರದೆ ಮೇಲಿನ ಹುದ್ದೆ ದೊರೆಯುವುದಿಲ್ಲವೆಂದು ಯಾರೋ ಹೇಳಿದರು. ಹಾಗಾಗಿ ಲಕ್ಷ್ಮೀ ನಗರದಲ್ಲಿ ಒಂದು ಕೋಣೆ ಹಿಡಿದು, ಶನಿವಾರ ಭಾನುವಾರ 'ಲೀನ್ ಮ್ಯಾನೇಜ್‌ಮೆಂಟ್' ಎಂಬ ತರಗತಿಗೆ ಸೇರಿಕೊಂಡ. ಈ ಮಾತನ್ನು ಮೊದಲು ಕೇಳಿದಾಗ ನಮ್ಮ ಯಜಮಾನರು, "ಲೀನವೆ? ಯಾರಲ್ಲಿ ಲೀನವಾಗುವುದಪ್ಪ, ಈ ವಯಸ್ಸಿಗೇ?" ಎಂದು ನಕ್ಕಿದ್ದರು. ಲೀನ್ ಎಂದರೆ ಬೊಜ್ಜಿಲ್ಲದ್ದು, ತೆಳ್ಳನೆಯದು ಎಂದು ಹುಡುಗ ವಿವರಿಸಿದ. ಟೊಯೋಟಾದವರ ಪದ್ಧತಿಯನ್ನು ನೋಡಿ ಅಮೆರಿಕೆಯ ಜಾನ್ ಕ್ರಾಫ್ಸಿಕ್ ಎಂಬವರು 1988ರಲ್ಲಿ ಕೊಟ್ಟ ಹೆಸರಂತೆ ಅದು.

ನಮ್ಮ ಮನೆ ದ್ವಾರಕೆಯಲ್ಲಿ. ದ್ವಾರಕೆಯಿಂದ ಲಕ್ಷ್ಮೀ ನಗರಕ್ಕೆ ಎಂದರೆ ಏನೋ ಪುರಾಣದ ಪ್ರಯಾಣದಂತೆ ಕೇಳುತ್ತದೆ. ನಡೆಯುವುದು ಮಾತ್ರ ನೀಲಿ ಗೆರೆಯ ಮೆಟ್ರೋದಲ್ಲಿ. ಒಂದೇ ಎಚ್ಚರಿಕೆ: ಯಮುನಾ ಬ್ಯಾಂಕ್ ನಿಲ್ದಾಣದಲ್ಲಿ ದಾರಿ ಕವಲೊಡೆಯುತ್ತದೆ. ನೋಯ್ಡಾದ ಗಾಡಿ ಹತ್ತಿದವರು ಅಲ್ಲಿ ಇಳಿದು ವೈಶಾಲಿಯ ಗಾಡಿ ಹಿಡಿಯಬೇಕು. ನಾವು ಮಾತಿನ ಭರದಲ್ಲಿ ಇಳಿಯದೆ ಮುಂದೆ ಹೋಗಿ, ಹಿಂದಿರುಗಿ ಬಂದೆವು. ಇಂದ್ರಪ್ರಸ್ಥ ಬಿಟ್ಟ ಮೇಲೆ ಗಾಡಿ ಹೊಳೆಯನ್ನು ದಾಟುತ್ತದೆ. ಆ ದಿನ ಮಂಜಿನಲ್ಲಿ ಹೊಳೆ ಕಾಣಲಿಲ್ಲ. ಕಾಣದಿದ್ದುದೇ ಒಳ್ಳೆಯದಾಯಿತು, ಈ ಯಮುನೆಯನ್ನು ನೋಡಿ ಕಾವೇರಿಯನ್ನು ನೆನೆಯುವುದು ನಮಗೆ ಹಳೆಯ ನೋವು.

ಲಕ್ಷ್ಮೀ ನಗರದ ನಿಲ್ದಾಣ 2010ರ ಜನವರಿಯಲ್ಲಿ ತೆರೆಯಿತು. ಅದು ನಿಂತಿರುವುದು ವಿಕಾಸ ಮಾರ್ಗದ ನೆತ್ತಿಯ ಮೇಲೆ. ಮೆಟ್ಟಿಲಿಳಿದು ಬೀದಿಗೆ ಕಾಲಿಟ್ಟೊಡನೆ ನಮ್ಮನ್ನು ಎದುರುಗೊಂಡದ್ದು ಮುಖಗಳು, ಬೋರ್ಡುಗಳ ಮೇಲಿನ ಮುಖಗಳು. ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದ ಹುಡುಗ ಹುಡುಗಿಯರು, ಅವರಿಗಿಂತ ದೊಡ್ಡದಾಗಿ ಅವರ ಮೇಷ್ಟರುಗಳು, ಕೈಕಟ್ಟಿ ನಿಂತು ಮುಗುಳ್ನಗುತ್ತಿದ್ದಾರೆ. ನಮ್ಮ ಊರಿನಲ್ಲಿ ಸಿನಿಮಾದವರಿಗೆ ಸಲ್ಲುವ ಎತ್ತರ ಇಲ್ಲಿ ಲೆಕ್ಕ ಹೇಳಿಕೊಡುವವರಿಗೆ ಸಂದಿದೆ. ಸಿ.ಎ. ಪರೀಕ್ಷೆಯ ಪಾಠಕ್ಕೆ ಉತ್ತರ ಭಾರತದ ಮೂಲೆಮೂಲೆಯ ಮಕ್ಕಳು ಬಂದಿಳಿಯುವ ಕೇರಿ ಇದು. 1949ರ ಕಾಯಿದೆಯಿಂದ ಹುಟ್ಟಿದ ಲೆಕ್ಕಪರಿಶೋಧಕರ ಸಂಸ್ಥೆಯ ಭವನ ಹೊಳೆಯ ಈಚೆಗೆ, ಐ.ಟಿ.ಓ. ಹತ್ತಿರ ಇದೆ. ಸೇತುವೆ ದಾಟಿದರೆ ಅಗ್ಗದ ಕೋಣೆ, ಅಗ್ಗದ ಊಟ. ಅಷ್ಟು ಸಾಕಲ್ಲ ಒಂದು ವಿದ್ಯಾಪೀಠ ಹುಟ್ಟುವುದಕ್ಕೆ!

ಸಿ.ಎ. ಬೆನ್ನಿಗೆ ಉಳಿದ ವಿದ್ಯೆಗಳೂ ಬಂದು ಕೂತಿವೆ. ಟ್ಯಾಲಿ, ಜಿ.ಎಸ್.ಟಿ., ಎಕ್ಸೆಲ್, ಮೂವತ್ತು ದಿನದಲ್ಲಿ ಇಂಗ್ಲಿಷು, ಸಂದರ್ಶನಕ್ಕೆ ಹೋಗುವಾಗ ಕೈ ಎಲ್ಲಿಟ್ಟುಕೊಳ್ಳಬೇಕೆಂಬ ಪಾಠ, ಮ್ಯಾನೇಜರಾಗುವ ಪಾಠ. ಕರಾಟೆಯವರಂತೆ ಹಳದಿ ಪಟ್ಟಿ, ಹಸಿರು ಪಟ್ಟಿ, ಕರಿಯ ಪಟ್ಟಿ ಎಂದು ದರ್ಜೆಗಳೂ ಉಂಟು. ನಮ್ಮ ಹುಡುಗನದು ಹಸಿರಂತೆ. ಒಂದು ಕಡೆ ಸಾರ್ವಜನಿಕ ಉದ್ಯಮಗಳವರ ಸ್ಕೋಪ್ ಮಿನಾರ್ ಗೋಪುರಗಳು ಗಂಭೀರವಾಗಿ ನಿಂತಿವೆ. ಅದರಾಚೆಗೆ ಒಬ್ಬರ ಹೆಗಲ ಮೇಲೊಬ್ಬರು ನಿಂತಂಥ ಇಕ್ಕಟ್ಟಾದ ಮನೆಗಳು. ಹೆಸರು ಲಕ್ಷ್ಮಿಯದಾದರೂ ಕಸುಬೆಲ್ಲ ಸರಸ್ವತಿಯದೇ ಎಂದು ನಮ್ಮವರು ಹೇಳಿದರು. ಫೀಸಿನ ಪಟ್ಟಿ ಓದಿದ ಮೇಲೆ, ಲಕ್ಷ್ಮಿಯೂ ಒಳಗೆ ಎಲ್ಲೋ ಕೂತಿದ್ದಾಳೆ ಎಂದು ತಿದ್ದಿಕೊಂಡರು.

ಗಲ್ಲಿಯೊಳಗೆ ಹೊಕ್ಕಾಗ ನಮ್ಮ ಎದೆ ಸ್ವಲ್ಪ ಅದುರಿತೆಂಬುದನ್ನು ಮುಚ್ಚಿಡುವುದೇಕೆ? ಇದೇ ಲಕ್ಷ್ಮೀ ನಗರದ ಲಲಿತಾ ಪಾರ್ಕಿನಲ್ಲಿ 2010ರ ನವೆಂಬರ್ 15ರ ಸಂಜೆ ಐದಂತಸ್ತಿನ ಮನೆಯೊಂದು ಕುಸಿದು ಅರುವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ದುಡಿಯಲು ಬಂದ ಪರವೂರಿನ ಬಡವರು. ಅಕ್ಕನಿಗೆ ಈ ಸಂಗತಿಯನ್ನು ನಾವು ಹೇಳಿಲ್ಲ. ಹುಡುಗನ ಕೋಣೆ ನಾಲ್ಕನೆಯ ಅಂತಸ್ತಿನಲ್ಲಿ. ಗೋಡೆಯಲ್ಲಿ ಬಿರುಕಿದೆಯೇ ಎಂದು ನಾವು ಪ್ರತಿ ಮೆಟ್ಟಿಲಲ್ಲೂ ನೋಡುತ್ತ ಹತ್ತಿದೆವು.

ಆ ಮನೆಯ ಮಾಲೀಕರನ್ನು ಎಲ್ಲರೂ ಲಾಲಾಜಿ ಎನ್ನುತ್ತಾರೆ. ನೆಲಮಟ್ಟದಲ್ಲಿ ಅವರದೇ ಹೊಲಿಗೆಯ ಕಾರಖಾನೆ, ಹದಿನಾಲ್ಕು ಯಂತ್ರಗಳು. ಸ್ವಲ್ಪ ದೂರದ ಗಾಂಧಿ ನಗರದ ಬಟ್ಟೆ ವ್ಯಾಪಾರಿಗಳಿಗೆ ಶಾಲೆಯ ಸಮವಸ್ತ್ರದ ಅಂಗಿಗಳನ್ನು ಕೂಲಿಗೆ ಹೊಲಿದು ಕೊಡುವುದು ಅಲ್ಲಿಯ ಕೆಲಸ. ದಿಲ್ಲಿಯಲ್ಲಿ ಶಾಲೆ ಆರಂಭವಾಗುವುದು ಏಪ್ರಿಲಿನಲ್ಲಿ. ಹಾಗಾಗಿ ಚಳಿಗಾಲವೇ ಅವರಿಗೆ ಸುಗ್ಗಿ. ಭಾನುವಾರವೂ ಯಂತ್ರಗಳು ನಡೆದಿದ್ದವು.

ತರಗತಿಯವರು ಪ್ರತಿ ವಿದ್ಯಾರ್ಥಿಯೂ ಯಾವುದಾದರೊಂದು ಕೆಲಸದ ಜಾಗದಲ್ಲಿ ಪೋಲನ್ನು ಹುಡುಕಿ, ತೆಗೆದು, ಉಳಿತಾಯವನ್ನು ಲೆಕ್ಕದಲ್ಲಿ ತೋರಿಸಿ ವರದಿ ಬರೆಯಬೇಕೆಂದು ನಿಯಮ ಮಾಡಿದ್ದರು. ಹುಡುಗ ದೂರ ಹೋಗಲಿಲ್ಲ; ಮೆಟ್ಟಿಲಿಳಿದು ಲಾಲಾಜಿಯ ಅಪ್ಪಣೆ ಕೇಳಿದ. ಪುಕ್ಕಟೆ ಸಲಹೆ, ಅವರು ಬೇಡವೆನ್ನುವರೆ?

ಅವನು ಕಂಡದ್ದನ್ನು ನಮಗೆ ಅಂಗಿಯ ಭಾಷೆಯಲ್ಲಿಯೇ ಹೇಳಿದ. ಹೊಲಿಗೆ ಬಲ್ಲ ಹೆಂಗಸರಿಗೆ ಅದು ಒಡನೆ ತಿಳಿಯುತ್ತದೆ. ಒಬ್ಬ ಕಾಲರು ಮಾಡುತ್ತಾನೆ, ಇನ್ನೊಬ್ಬ ತೋಳು ಕೂಡಿಸುತ್ತಾನೆ, ಮತ್ತೊಬ್ಬ ಪಕ್ಕ ಮುಚ್ಚುತ್ತಾನೆ, ಕೊನೆಗೆ ಕಾಜ, ಗುಂಡಿ. ಕಾಲರಿನವನು ಮೂವತ್ತು ಕಾಲರು ಮಾಡಿ ಕಂತೆ ಕಟ್ಟಿ ಇಡುವವರೆಗೆ ಮುಂದಿನವನು ಕಾಯಬೇಕು. ಇಲ್ಲವೆ ಅವನ ಮುಂದೆ ಮೊದಲೇ ನಾಲ್ಕು ಕಂತೆ ಬಿದ್ದಿರಬೇಕು. ಅಂಗಿಯೊಂದರ ಮೇಲೆ ಸೂಜಿ ಓಡುವುದು ಅರ್ಧ ಗಂಟೆಗೂ ಕಡಮೆ. ಅಂಗಿ ಮಾತ್ರ ನಾಲ್ಕು ದಿನ ಆ ಕೋಣೆಯಲ್ಲಿ ಬಿದ್ದಿರುತ್ತದೆ. ಕಾಲರು ಒಂದು ಬೆರಳು ಸೊಟ್ಟಗಾದರೆ ಗೊತ್ತಾಗುವುದು ಮೂವತ್ತೂ ಕೂಡಿಸಿ ಆದ ಮೇಲೆ. ಬಿಚ್ಚು, ಮತ್ತೆ ಹೊಲಿ.

ಪೋಲಿಗೆ ಜಪಾನಿಯಲ್ಲಿ 'ಮುದ' ಎಂದು ಹೆಸರಂತೆ. ನಮಗೆ ಸೋಜಿಗವೆನ್ನಿಸಿತು, ನಮ್ಮ ಮುದವೇ ಬೇರೆ! ಅದರಲ್ಲಿ ಏಳು ಬಗೆ ಹೇಳಿದವರು ತಾಯ್‌ಇಚಿ ಓನೋ. ಬೇಕಾದುದಕ್ಕಿಂತ ಹೆಚ್ಚು ಮಾಡಿಡುವುದು, ಕಾಯುವುದು, ಸರಕನ್ನು ಅಲ್ಲಿಂದಿಲ್ಲಿಗೆ ಹೊರುವುದು, ಯಾರೂ ಕೇಳದ ನಯಗಾರಿಕೆ, ಕೂಡಿಡುವುದು, ಮೈಕೈಯ ವ್ಯರ್ಥ ಓಡಾಟ, ಕೆಟ್ಟದ್ದನ್ನು ಮರಳಿ ಮಾಡುವುದು. ಈ ಏಳರಲ್ಲಿ ಮೊದಲನೆಯದೇ ಉಳಿದ ಪೋಲುಗಳನ್ನೆಲ್ಲ ಹೆರುವ ತಾಯಿ ಎಂದು ಓನೋ ಅವರ ಮತ. ಹುಡುಗ ಯಂತ್ರಗಳನ್ನು ಹೊಲಿಗೆಯ ಕ್ರಮದಲ್ಲಿ ಒತ್ತಟ್ಟಿಗೆ ಜೋಡಿಸಿ, ಕಂತೆ ಬಿಟ್ಟು ಒಂದೊಂದೇ ಅಂಗಿ ಕೈಯಿಂದ ಕೈಗೆ ಸಾಗುವಂತೆ ಮಾಡಿದ. ನಾಲ್ಕು ದಿನದ ಅಂಗಿ ಒಂದು ದಿನಕ್ಕೆ ಇಳಿಯಿತು. ಲಾಲಾಜಿ ಜಿಲೇಬಿ ತರಿಸಿದರಂತೆ.

ಆದರೆ ಆ ಏಳರ ಪಟ್ಟಿಯಲ್ಲಿ ಮೂರನೆಯದೊಂದಿದೆಯಲ್ಲ, ಹೊರುವುದು, ಅದು ಅಲ್ಲಿ ಬರಿಯ ಪದವಾಗಿರಲಿಲ್ಲ. ಅದಕ್ಕೆ ನರೆತ ಗಡ್ಡವಿತ್ತು, ಹೆಗಲ ಮೇಲೊಂದು ಚೌಕುಳಿ ವಸ್ತ್ರವಿತ್ತು. ಬಿಹಾರದಿಂದ ಬಂದ ಒಬ್ಬ ಚಾಚಾ ಹನ್ನೊಂದು ವರ್ಷದಿಂದ ಅಲ್ಲಿ ಕಂತೆಗಳನ್ನು ಯಂತ್ರದಿಂದ ಯಂತ್ರಕ್ಕೆ ಹೊತ್ತು ಹಾಕುತ್ತಿದ್ದರು. ಕಂತೆ ಹೋದ ಮೇಲೆ ಹೊರುವುದೇನು? ವರದಿಯ ನಮೂನೆಯಲ್ಲಿ 'ಉಳಿತಾಯ' ಎಂಬ ಅಂಕಣವಿತ್ತು. ಹುಡುಗ 'ಒಬ್ಬ ಸಹಾಯಕ' ಎಂದು ಬರೆದು ಅವರ ಸಂಬಳವನ್ನು ಹನ್ನೆರಡರಿಂದ ಗುಣಿಸಿದ. ಮೇಷ್ಟರು ತರಗತಿಯ ಮುಂದೆ ಬೆನ್ನು ತಟ್ಟಿದರು. ಲಾಲಾಜಿ ಪ್ರತಿಯನ್ನು ಓದಿಸಿಕೊಂಡು, ಮುಂದಿನ ತಿಂಗಳಿಂದ ಬರಬೇಡವೆಂದು ಚಾಚಾನಿಗೆ ಹೇಳಿಬಿಟ್ಟರು. ಯಜಮಾನರ ತಮಾಷೆ ಈಗ ನಮಗೇ ಚುಚ್ಚಿತು. ಲೀನವಾಗಲು ಹೊರಟಿದ್ದವರು ಆ ಮುದುಕರು.

ನಮ್ಮ ಯಜಮಾನರು ಮೂವತ್ತಾರು ವರ್ಷ ಕೇಂದ್ರ ಸರ್ಕಾರದ ಕಡತಗಳಲ್ಲಿ ಬಾಳಿದವರು. ಉತ್ಪಾದಕತೆಯೆಂಬ ಮಾತು ಅವರಿಗೆ ಹೊಸದಲ್ಲ. 1958ರಲ್ಲಿ ಹುಟ್ಟಿದ ರಾಷ್ಟ್ರೀಯ ಉತ್ಪಾದಕತಾ ಪರಿಷತ್ತಿನ ಭವನ ಲೋಧಿ ರಸ್ತೆಯಲ್ಲೇ ಇದೆ. ಮಕ್ಕಳನ್ನು ಶಾಲೆಗೆ ಬಿಡುವಾಗ ಅದರ ಬೋರ್ಡನ್ನು ಓದುತ್ತಿದ್ದೆವು. ಫೆಬ್ರವರಿ 12ರಿಂದ ಒಂದು ವಾರ ದೇಶದಲ್ಲೆಲ್ಲ ಉತ್ಪಾದಕತಾ ಸಪ್ತಾಹ. ಇವರ ಕಛೇರಿಯಲ್ಲಿ ಆ ವಾರ ಭಾಷಣಗಳಿಗಾಗಿ ಕೆಲಸ ನಿಲ್ಲುತ್ತಿತ್ತಂತೆ! ಸಣ್ಣ ಕಾರಖಾನೆಗಳಿಗೆ ಲೀನ್ ಪದ್ಧತಿ ಕಲಿಸಲು ಸರ್ಕಾರದ್ದೇ ಯೋಜನೆಯುಂಟು. 2023ರ ಮಾರ್ಚಿನಲ್ಲಿ ಅದನ್ನು ಹೊಸದಾಗಿ ಹೊರಡಿಸಿ, ಸಲಹೆಗಾರರ ವೆಚ್ಚದಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಸರ್ಕಾರವೇ ಭರಿಸುವುದೆಂದು ಸಾರಿದರು. ಲಾಲಾಜಿಗೆ ಅದರ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿದ್ದುದು ನಮ್ಮ ಹುಡುಗನ ಕಾಗದ.

ಹುಡುಗನ ಮಂಚದ ಮೇಲೆ ಕೂತು ಇವರು ಅವನ ನೋಟುಪುಸ್ತಕವನ್ನು ಕಡತ ಓದುವಂತೆ ಪುಟಪುಟವಾಗಿ ಓದಿದರು. ಒಂದು ಪುಟದಲ್ಲಿ ಐದು 'ಏಕೆ' ಬರೆದಿತ್ತು. ತಪ್ಪು ಕಂಡರೆ ಮನುಷ್ಯನನ್ನು ಬೈಯದೆ ಐದು ಸಲ ಏಕೆಂದು ಕೇಳುತ್ತ ಬೇರಿಗೆ ಹೋಗಬೇಕೆಂಬುದು ಟೊಯೋಟಾದವರ ರೂಢಿ. ಕಾಲರು ಸೊಟ್ಟವಾಗುವುದೇಕೆ? ಗೆರೆ ತಪ್ಪುತ್ತದೆ. ಏಕೆ? ಗೆರೆ ಕಾಣುವುದಿಲ್ಲ. ಯಾವಾಗ ಕಾಣುವುದಿಲ್ಲ? ಸಂಜೆ ನಾಲ್ಕರ ಮೇಲೆ. ಏಕೆ? ಕಿಟಕಿಯ ಬೆಳಕು ಹೋಗಿ ದೀಪ ಹಾಕುತ್ತಾರೆ. ಏಕೆ ಸಾಲದು? ದೀಪ ಹೊಲಿಯುವವನ ಬೆನ್ನ ಹಿಂದಿದೆ. ಅವನ ನೆರಳೇ ಸೂಜಿಯ ಮೇಲೆ ಬೀಳುತ್ತದೆ. ದೀಪವನ್ನು ಎರಡು ಮೊಳ ಮುಂದಕ್ಕೆ ಸರಿಸಿದರು. ಖರ್ಚು ಎರಡು ಮೊಳೆ. ಬಿಚ್ಚಿ ಹೊಲಿಯುವ ಕೆಲಸ ಬಹುಮಟ್ಟಿಗೆ ನಿಂತಿತು.

"ಇದು ಸೊಗಸಾಗಿದೆ. ಈ ನೆರಳಿನ ಮಾತು ನಿನಗೆ ಹೊಳೆದದ್ದು ಹೇಗೆ?" ಎಂದು ಕೇಳಿದರು.

"ನನಗಲ್ಲ ಚಿಕ್ಕಪ್ಪ, ಚಾಚಾ ಹೇಳಿದರು. ಎಲ್ಲ ಯಂತ್ರದ ಹತ್ತಿರವೂ ಓಡಾಡುತ್ತಿದ್ದವರು ಅವರೊಬ್ಬರೇ. ಯಾರ ಕಂತೆ ಹಿಂದೆ ಬೀಳುತ್ತೆ, ಯಾರ ಸೂಜಿ ಮುರಿಯುತ್ತೆ, ಎಲ್ಲಾ ಅವರಿಗೆ ಗೊತ್ತು."

"ಅದನ್ನು ಎಲ್ಲಿ ಬರೆದಿದ್ದೀಯೆ?"

ಹುಡುಗ ತಲೆ ತಗ್ಗಿಸಿದ. "ಅದಕ್ಕೆ ಅಂಕಣ ಇರಲಿಲ್ಲ."

ಓನೋ ಅವರು ಎಂಜಿನಿಯರುಗಳನ್ನು ಕಾರಖಾನೆಯ ನೆಲದ ಮೇಲೆ ಸೀಮೆಸುಣ್ಣದ ವೃತ್ತ ಬರೆದು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ "ನೋಡು" ಎನ್ನುತ್ತಿದ್ದರೆಂದು ಹೇಳುತ್ತಾರೆ. ಚಾಚಾ ಆ ಪಾಠವನ್ನು ಯಾರೂ ನಿಲ್ಲಿಸದೆ, ಹನ್ನೊಂದು ವರ್ಷ, ತಲೆಯ ಮೇಲೆ ಹೊರೆಯೊಡನೆ ಓದಿದ್ದರು.

ಈ ವಿದ್ಯೆಯ ಮೂಲವೂ ಬಟ್ಟೆಯೇ ಎಂಬುದನ್ನು ಹುಡುಗ ಆಮೇಲೆ ಹೇಳಿದ. ಸಾಕಿಚಿ ತೊಯೊದ ಎಂಬ ಬಡಗಿಯ ಮಗ ಮಗ್ಗಗಳನ್ನು ಸುಧಾರಿಸುತ್ತ ಹೋಗಿ, 1924ರಲ್ಲಿ, ನೂಲು ಕಡಿದೊಡನೆ ತಾನೇ ನಿಲ್ಲುವ ಮಗ್ಗವನ್ನು ಪೂರ್ಣಗೊಳಿಸಿದ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಕಂಪನಿಯವರು ಅದರ ಹಕ್ಕು ಕೊಂಡರು. ಮೋಟಾರಿನ ಕಡೆಗೆ ತಿರುಗಿದವನು ಅವನ ಮಗ ಕೀಚಿರೋ. ಓನೋ ಕೂಡ ಮೊದಲು ಆ ಮನೆತನದ ನೂಲಿನ ಕಾರಖಾನೆಯಲ್ಲಿದ್ದವರೇ. ಯುದ್ಧದ ನಂತರ, 1950ರಲ್ಲಿ, ಕಂಪನಿ ಮುಳುಗುವ ಸ್ಥಿತಿಗೆ ಬಂದು ಮುಷ್ಕರವೆದ್ದಿತು. ಸಾವಿರಕ್ಕೂ ಮೀರಿ ಜನ ಕೆಲಸ ಬಿಟ್ಟು ಹೋಗಬೇಕಾಯಿತು. ಅವರೊಂದಿಗೆ ಅಧ್ಯಕ್ಷ ಕೀಚಿರೋ ತಾನೂ ಹೊಣೆ ಹೊತ್ತು ರಾಜೀನಾಮೆ ಕೊಟ್ಟ. ಕೆಲಸಗಾರ ತನ್ನ ಕೆಲಸಕ್ಕೆ ಮೋಸವಿಲ್ಲವೆಂದು ನಂಬಿದರೆ ಮಾತ್ರ ಪೋಲನ್ನು ಬಾಯಿಬಿಟ್ಟು ಹೇಳುತ್ತಾನೆ. ಹೇಳಿದ್ದರಿಂದ ತನಗೇ ಕುತ್ತು ಬರುವುದಾದರೆ ಯಾರು ಹೇಳಿಯಾರು? ಎಲ್ಲವೂ ಹಾಲುಜೇನೆಂದು ನಾವು ಹೇಳುತ್ತಿಲ್ಲ. 2020ರ ನವೆಂಬರಿನಲ್ಲಿ ಬಿಡದಿಯಲ್ಲಿಯೇ ಕೆಲಸದ ಹೊರೆಯ ವಿಷಯವಾಗಿ ವಿವಾದ ಹತ್ತಿ, ಬೀಗ ಬಿದ್ದು, ತಿಂಗಳುಗಟ್ಟಲೆ ನಡೆಯಿತು.

ನಮ್ಮ ದೇಶದಲ್ಲೂ ಕೆಲಸಗಾರನ ಬಾಯಿ ತೆರೆಸಿದವರು ಉಂಟು. 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರಖಾನೆಯಲ್ಲಿ ಎಸ್. ಆರ್. ಉಡುಪ ಎಂಬವರು, ದುಡಿಯುವವರೇ ಗುಂಪಾಗಿ ಕೂತು ತಮ್ಮ ಕೆಲಸದ ಕುಂದುಗಳನ್ನು ತಾವೇ ಹುಡುಕುವ 'ಕ್ವಾಲಿಟಿ ಸರ್ಕಲ್' ಪದ್ಧತಿಯನ್ನು ತಂದರು. ನಮ್ಮ ವಿಶ್ವೇಶ್ವರಯ್ಯನವರಂತೂ 1898ರಲ್ಲೇ ಜಪಾನಿಗೆ ಹೋಗಿ ನೋಡಿ ಬಂದಿದ್ದರು. ಹುಡುಗನ ತರಗತಿಯ ಪುಸ್ತಕದಲ್ಲಿ ಇವರಿಬ್ಬರ ಹೆಸರೂ ಇರಲಿಲ್ಲ. ಇರಲಿ.

ಇವರು ಲೇಖನಿ ತೆಗೆದರು. "ಒಂದು ಅನುಬಂಧ ಬರೆ" ಎಂದರು. ಸರ್ಕಾರದಲ್ಲಿ ತಪ್ಪಿದ್ದನ್ನು ತಿದ್ದುವ ದಾರಿ ಅದೊಂದೇ. 'ಉಳಿತಾಯ' ಎಂಬಲ್ಲಿ ಸಹಾಯಕನನ್ನು ಹೊಡೆದುಹಾಕಿ, ಬಿಚ್ಚಿ ಹೊಲಿಯುವುದು ನಿಂತದ್ದರ ಲೆಕ್ಕವನ್ನು ಹಾಕಿಸಿದರು. ದೀಪದ ಸಂಗತಿಗೆ ಚಾಚಾನ ಹೆಸರನ್ನು ಬರೆಸಿದರು. ಕಾಲರು ಅಂಗಿಗೆ ಸೇರುವ ಮುಂಚೆ ಒಬ್ಬರು ನೋಡುವುದು ಲೇಸೆಂದು ಹುಡುಗ ತಾನಾಗಿ ಸೇರಿಸಿದ. ಮೂವರೂ ಕೆಳಗಿಳಿದೆವು.

ಲಾಲಾಜಿ ಕೆಟ್ಟವರಲ್ಲ. "ಬೆಹೆನ್‌ಜಿ, ನನಗೆ ಓದು ಕಡಮೆ. ಓದಿದ ಹುಡುಗ ಬರೆದುಕೊಟ್ಟ, ಬರೆದಂತೆ ಮಾಡಿದೆ" ಎಂದು ಚಹ ತರಿಸಿದರು. ಗಾಂಧಿ ನಗರದವರು ಅಂಗಿಗೆ ಕೊಡುವ ಕೂಲಿಯನ್ನು ವರ್ಷವರ್ಷವೂ ಹಿಂಡುತ್ತಾರೆ. ಯಂತ್ರಗಳ ಸಾಲ ಇನ್ನೂ ತೀರಿಲ್ಲ. ಅದೂ ನಿಜವೇ. ಇವರು ಅನುಬಂಧವನ್ನು ಹಿಂದಿಯಲ್ಲಿ ಓದಿ ಹೇಳಿದರು. ದೀಪದ ಮಾತು ಬಂದಾಗ ಲಾಲಾಜಿ ತಲೆಯೆತ್ತಿ ದೀಪವನ್ನೊಮ್ಮೆ, ಮೂಲೆಯಲ್ಲಿ ದಾರದ ಚೂರುಗಳನ್ನು ಗುಡಿಸುತ್ತಿದ್ದ ಚಾಚಾನನ್ನೊಮ್ಮೆ ನೋಡಿದರು. "ಹನ್ನೊಂದು ವರ್ಷ ನನಗೇಕೆ ಹೇಳಲಿಲ್ಲ?" ಎಂದರು.

"ನೀವು ಕೇಳಲಿಲ್ಲ, ಸೇಠ್" ಎಂದರು ಚಾಚಾ. ಪೊರಕೆ ನಿಲ್ಲಲಿಲ್ಲ.

ಮೂರು ತಿಂಗಳ ಮಟ್ಟಿಗೆ ನೋಡೋಣ ಎಂದು ಲಾಲಾಜಿ ಒಪ್ಪಿದರು. ಕಾಲರಿನವನಿಗೂ ತೋಳಿನವನಿಗೂ ನಡುವೆ ಒಂದು ಸ್ಟೂಲು ಹಾಕಿ ಚಾಚಾನನ್ನು ಕೂರಿಸಿದರು. ಸ್ಟೂಲು ತಗ್ಗಾಯಿತೆಂದು ಹುಡುಗ ಕೆಳಗೆ ಎರಡು ಹಲಗೆ ಇಟ್ಟ. ಹನ್ನೊಂದು ವರ್ಷ ನಿಂತೇ ದುಡಿದವರು. ಕೂತು ದುಡಿಯುವುದು ಅವರಿಗೆ ಸಂಕೋಚ. ಮತ್ತೆ ಮತ್ತೆ ಎದ್ದು ನಿಲ್ಲುತ್ತಿದ್ದರು.

ಮೆಟ್ರೋ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ಹುಡುಗ ನಮಗೆ ಛೋಲೆ ಕುಲ್ಚೆ ಕೊಡಿಸಿದ. ಅವನು ಎರಡು ತಟ್ಟೆ ತಿಂದ. ಆ ಸುದ್ದಿಯನ್ನು ಮಾತ್ರ ಅಂದೇ ಅಕ್ಕನಿಗೆ ಫೋನು ಮಾಡಿ ಹೇಳಿದೆವು.

ವರದಿಯಲ್ಲಿ ಉಳಿತಾಯ ಕಡಮೆಯಾಯಿತೆಂದು ಮೇಷ್ಟರು ಅಂಕ ಇಳಿಸಿದರಂತೆ. ಹಸಿರು ಪಟ್ಟಿಯ ಪ್ರಮಾಣಪತ್ರ ಮಾರ್ಚಿನಲ್ಲಿ ಬಂತು. ಅದನ್ನು ಕಟ್ಟು ಹಾಕಿಸಿ ಅಕ್ಕನ ಮನೆಗೆ ಕಳುಹಿಸಿದ್ದಾನೆ. ಏಪ್ರಿಲಿನ ಕೊನೆಗೆ ನಾವು ಫೋನಿನಲ್ಲಿ ಅಂಜುತ್ತಲೇ ಕೇಳಿದೆವು, "ಮೂರು ತಿಂಗಳು ಮುಗಿಯಿತಲ್ಲೋ, ಚಾಚಾ ಏನಾದರು?"

"ಮುಗಿದದ್ದು ಲಾಲಾಜಿಗೆ ಮರೆತಿದೆ ಚಿಕ್ಕಮ್ಮ, ಯಾರೂ ನೆನಪು ಮಾಡಿಲ್ಲ" ಎಂದ. "ಚಟ್ನಿಪುಡಿ ಮುಗಿದಿದೆ. ಚಾಚಾನಿಗೂ ಹಿಡಿಸಿದೆ. ಈ ಸಲ ಎರಡು ಡಬ್ಬಿ ತನ್ನಿ."